ಸೆಲ್ಯೂಟ್ ಹೊಡೆಯದ ಸೈಕಲ್ ಸವಾರ: ವೇಗದ ಬಲೆಗೆ ನೂರಿಪ್ಪತ್ತು ವರ್ಷ

ನೂರಿಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಕಾರಿನ ವೇಗ ಹಿಡಿಯಲು ಒಂದು ಬೇಲಿ, ಇಬ್ಬರು ಪೇದೆಗಳು ಮತ್ತು ಒಂದು ಸ್ಟಾಪ್‌ವಾಚ್ ಇದ್ದರೆ ಸಾಕಿತ್ತು. ರಸ್ತೆಯ ಮೇಲೆ ಮೊದಲೇ ಒಂದು ದೂರ ಅಳೆದಿಟ್ಟುಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಅದು ಒಂದು ಫರ್ಲಾಂಗು, ಅಂದರೆ 220 ಗಜ. ಕಾರು ಮೊದಲ ಗುರುತು ದಾಟಿದ ಕೂಡಲೇ ಬೇಲಿಯ ಹಿಂದಿನ ಪೇದೆ ಸನ್ನೆ ಮಾಡುತ್ತಿದ್ದ, ಇನ್ನೊಂದು ತುದಿಯವನು ಗಡಿಯಾರ ಒತ್ತುತ್ತಿದ್ದ. 1903ರ ಮೋಟಾರ್ ಕಾರ್ ಕಾಯ್ದೆ ಗಂಟೆಗೆ 20 ಮೈಲಿಯ ಮಿತಿ ಹಾಕಿತ್ತು. ಆ ವೇಗದಲ್ಲಿ ಒಂದು ಫರ್ಲಾಂಗು ದಾಟಲು ಇಪ್ಪತ್ತೆರಡೂವರೆ ಸೆಕೆಂಡು ಬೇಕು. ಅದಕ್ಕಿಂತ ಬೇಗ ದಾಟಿದವರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗುತ್ತಿತ್ತು.

ಇದಕ್ಕೆ ಉತ್ತರವಾಗಿ 1905ರಲ್ಲಿ ಲಂಡನ್ನಿನ ಕೆಲವು ಕಾರು ಮಾಲೀಕರು ಸೇರಿ ಆಟೊಮೊಬೈಲ್ ಅಸೋಸಿಯೇಷನ್ ಕಟ್ಟಿದರು. ರಸ್ತೆಯಲ್ಲಿ ಕೆಟ್ಟು ನಿಂತ ಕಾರಿಗೆ ನೆರವಾಗುವ ಸಂಸ್ಥೆಯೆಂದು ಇವತ್ತು ಬ್ರಿಟನ್ನಿನಲ್ಲಿ ಎಲ್ಲರೂ ಅದನ್ನು ಬಲ್ಲರು. ಆದರೆ ಅದು ಹುಟ್ಟಿದ್ದು ಪೊಲೀಸರ ಬಲೆ ಎಲ್ಲಿದೆಯೆಂದು ಸದಸ್ಯರಿಗೆ ತಿಳಿಸಲು. ಸಂಘದ ಆಳುಗಳು ಸೈಕಲ್ ಮೇಲೆ ಹೆದ್ದಾರಿಯಲ್ಲಿ ಓಡಾಡಿ, ಬೇಲಿಯ ಹಿಂದೆ ಯಾರು ಕೂತಿದ್ದಾರೆಂದು ನೋಡಿ, ಎದುರು ಬರುವ ಕಾರುಗಳಿಗೆ ಕೈಸನ್ನೆ ಮಾಡುತ್ತಿದ್ದರು.

ವಿಷಯ ಕೋರ್ಟಿಗೆ ಹೋಯಿತು. 1907ರ ಒಂದು ತೀರ್ಪು ಸಂಘದ ಕಡೆಗಿತ್ತು: ಎಚ್ಚರಿಸಲ್ಪಟ್ಟ ಕಾರು ಮಿತಿ ಮೀರಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಎಚ್ಚರಿಸುವುದು ಅಪರಾಧವಲ್ಲ. ಮೂರು ವರ್ಷದ ನಂತರ, ಬೆಟ್ಸ್ ಮತ್ತು ಸ್ಟೀವನ್ಸ್ ಪ್ರಕರಣದಲ್ಲಿ, ಗಾಳಿ ತಿರುಗಿತು. ಆಗಲೇ ಮಿತಿ ಮೀರಿ ಓಡುತ್ತಿರುವವನಿಗೆ ಬಲೆಯ ಸುಳಿವು ಕೊಟ್ಟು ಪಾರುಮಾಡುವುದು ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಎಂದು ನ್ಯಾಯಾಲಯ ಹೇಳಿತು. ಸಂಘ ಇದಕ್ಕೂ ದಾರಿ ಹುಡುಕಿತು. ಅಲ್ಲಿಂದ ಮುಂದೆ ಸಂಘದ ಸವಾರ ಸದಸ್ಯನ ಕಾರಿನ ಮೇಲಿನ ಲಾಂಛನ ಕಂಡ ಕೂಡಲೇ ಸೆಲ್ಯೂಟ್ ಹೊಡೆಯಬೇಕು. ಹೊಡೆಯದಿದ್ದರೆ ಸದಸ್ಯ ಗಾಡಿ ನಿಲ್ಲಿಸಿ ಕಾರಣ ಕೇಳಬೇಕು. ಸೆಲ್ಯೂಟ್ ಹೊಡೆಯಲಿಲ್ಲ ಎಂದು ಯಾರ ಮೇಲೆ ಕೇಸು ಹಾಕಲು ಸಾಧ್ಯ? ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವವನು ಸಿಕ್ಕಿದ ಹಾಗೆ.

ನನ್ನ ಮಟ್ಟಿಗೆ ಜಗತ್ತಿನ ಮೊದಲ ರೇಡಾರ್ ಡಿಟೆಕ್ಟರ್ ಈ ಸೈಕಲ್ ಸವಾರನೇ. ಆಗಿನ್ನೂ ರೇಡಾರ್ ಹುಟ್ಟಿರಲಿಲ್ಲ ಅಷ್ಟೆ.

ಪುಣೆಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಕಾರಿನಲ್ಲಿ ಹೋಗಿಬರುವ ನಮ್ಮಂಥವರ ನಡುವೆ ಇ-ಚಲನ್ ಮಾತು ಬಂದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: “ಅಮೆರಿಕದಲ್ಲಿ ಸಿಗುತ್ತಲ್ಲ, ಆ ರೇಡಾರ್ ಡಿಟೆಕ್ಟರ್, ಲೇಸರ್ ಜ್ಯಾಮರ್, ತರಿಸಿದರೆ ಉಪಯೋಗ ಆಗುತ್ತದಾ?” ಒಂದೇ ಮಾತಿನಲ್ಲಿ ಇಲ್ಲ ಎಂದುಬಿಡಬಹುದು. ಆದರೆ ಆ ಉಪಕರಣಗಳು ಒಂದು ಕಾಲದಲ್ಲಿ ನಿಜಕ್ಕೂ ಕೆಲಸ ಮಾಡುತ್ತಿದ್ದವು. ಯಾಕೆ ಮಾಡುತ್ತಿದ್ದವು, ಯಾವಾಗ ನಿಂತವು ಎಂಬ ಇತಿಹಾಸ ಗೊತ್ತಿದ್ದರೆ ಉತ್ತರ ತಾನೇ ಸಿಗುತ್ತದೆ.

ಕತ್ತಲಲ್ಲಿ ಟಾರ್ಚ್ ಹಿಡಿದವನು

ಹತ್ತಿರ ಬರುವ ರೈಲಿನ ಸೀಟಿ ತೀಕ್ಷ್ಣವಾಗಿ, ದೂರ ಹೋಗುವಾಗ ಮಂದವಾಗಿ ಕೇಳುವುದು ನಮಗೆಲ್ಲ ಗೊತ್ತು. ಇದರ ಲೆಕ್ಕವನ್ನು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಕೊಟ್ಟ. ಮೂರು ವರ್ಷದ ನಂತರ ಬಾಯ್ಸ್ ಬ್ಯಾಲೆಟ್ ಎಂಬ ಡಚ್ ವಿಜ್ಞಾನಿ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿ ಅದನ್ನು ಪರೀಕ್ಷಿಸಿದ.

ಇದೇ ತತ್ವ ರಸ್ತೆಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನಾರ್ವಾಕ್‌ನಲ್ಲಿ ಆಟೊಮ್ಯಾಟಿಕ್ ಸಿಗ್ನಲ್ ಎಂಬ ಕಂಪನಿಯಿತ್ತು. ವಿಮಾನ ನೆಲಕ್ಕಿಳಿಯುವಾಗ ಅದರ ಗಾಲಿಗಳಿಗೆ ಆಗುತ್ತಿದ್ದ ಹಾನಿಯನ್ನು ಅರಿಯಲು ವೇಗ ಅಳೆಯುವ ಸಾಧನ ಬೇಕಾಗಿತ್ತು. ಅಲ್ಲಿನ ಜಾನ್ ಬಾರ್ಕರ್ ಮತ್ತು ಬೆನ್ ಮಿಡ್‌ಲಾಕ್ ಕಾಫಿ ಡಬ್ಬಿಗಳನ್ನು ಬೆಸೆದು ಮೈಕ್ರೋವೇವ್ ಸಾಧನವೊಂದನ್ನು ಮಾಡಿದರು. ಯುದ್ಧ ಮುಗಿದ ಮೇಲೆ ಅದೇ ಪೆಟ್ಟಿಗೆ ರಸ್ತೆಗಿಳಿಯಿತು. 1947ರಲ್ಲಿ ಕನೆಕ್ಟಿಕಟ್‌ನ ಪೊಲೀಸರು ಅದನ್ನು ಪರೀಕ್ಷಿಸಿದರು, 1949ರ ಫೆಬ್ರವರಿಯಿಂದ ಅದರ ಆಧಾರದ ಮೇಲೆ ದಂಡ ಹಾಕತೊಡಗಿದರು.

ಕೆಲಸ ಸರಳ. ಪೆಟ್ಟಿಗೆ ಒಂದು ಅಲೆ ಕಳಿಸುತ್ತದೆ, ಕಾರಿಗೆ ಬಡಿದು ಮರಳಿದ ಅಲೆಯ ಆವರ್ತನ ಎಷ್ಟು ಬದಲಾಗಿದೆಯೆಂದು ನೋಡುತ್ತದೆ. ಈಗಲೂ ಬಳಕೆಯಲ್ಲಿರುವ 24.15 ಗಿಗಾಹರ್ಟ್ಸ್‌ನ ಕೆ ಬ್ಯಾಂಡಿನಲ್ಲಿ, ಗಂಟೆಗೆ 100 ಕಿ.ಮೀ. ವೇಗದ ಕಾರು ಅಲೆಯನ್ನು ಸುಮಾರು 4,470 ಹರ್ಟ್ಸ್‌ನಷ್ಟು ಬದಲಿಸುತ್ತದೆ. ಅದು ನಮ್ಮ ಕಿವಿಗೆ ಕೇಳುವ ಶ್ರೇಣಿಯ ಸ್ವರ.

ಸ್ಟಾಪ್‌ವಾಚಿಗಿಂತ ಇದು ಎಷ್ಟೋ ಚುರುಕು. ಆದರೆ ಸ್ಟಾಪ್‌ವಾಚಿಗಿಲ್ಲದ ಒಂದು ದೌರ್ಬಲ್ಯ ಇದಕ್ಕಿತ್ತು. ಬೇಲಿಯ ಹಿಂದಿನ ಪೇದೆ ಸುಮ್ಮನೆ ನೋಡುತ್ತಿದ್ದ. ರೇಡಾರ್ ನೋಡಬೇಕಾದರೆ ತಾನೇ ಬೆಳಕು ಚೆಲ್ಲಬೇಕು. ಕತ್ತಲಲ್ಲಿ ಟಾರ್ಚ್ ಹಿಡಿದು ಹುಡುಕುವವನನ್ನು ನೆನೆಸಿಕೊಳ್ಳಿ. ಅವನ ಬೆಳಕು ನಿಮಗೆ ತಾಗಿ, ವಾಪಸು ಹೋಗಿ, ಅವನ ಕಣ್ಣಿಗೆ ಬೀಳುವಷ್ಟು ಉಳಿದಿರಬೇಕು. ನಿಮಗೋ ಟಾರ್ಚಿನ ಬೆಳಕು ಒಮ್ಮುಖವಾಗಿ ಬಂದರೆ ಸಾಕು. ಹಾಗಾಗಿ ಅವನು ನಿಮ್ಮನ್ನು ಕಾಣುವುದಕ್ಕಿಂತ ಬಹಳ ಮೊದಲೇ ನೀವು ಅವನನ್ನು ಕಾಣುತ್ತೀರಿ. ರೇಡಾರ್ ಡಿಟೆಕ್ಟರಿನ ಇಡೀ ವ್ಯಾಪಾರ ನಿಂತಿರುವುದು ಈ ಅಂತರದ ಮೇಲೆ. ಅಲ್ಲಿಂದ ಮುಂದಿನ ಕಥೆಯೆಂದರೆ ಪೊಲೀಸರು ಈ ಅಂತರವನ್ನು ಹೇಗೆ ಕಿರಿದಾಗಿಸುತ್ತ ಬಂದರು ಎಂಬುದೇ.

ಐವತ್ತೈದು ಮೈಲಿಯ ಕಾಲ

ಡಿಟೆಕ್ಟರನ್ನು ಮನೆಮಾತು ಮಾಡಿದ್ದು ತೈಲ ಬಿಕ್ಕಟ್ಟು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಮಾಡಿದ ಕಾಯ್ದೆಯಿಂದ ಅಮೆರಿಕದ ಎಲ್ಲ ಹೆದ್ದಾರಿಗಳಿಗೂ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 88 ಕಿ.ಮೀ.ಯ ಮಿತಿ ಬಂತು. ಉದ್ದೇಶ ಪೆಟ್ರೋಲ್ ಉಳಿಸುವುದು. ಆದರೆ ಜೊತೆಗೆ ಇನ್ನೊಂದು ಸಂಗತಿಯೂ ನಡೆಯಿತು. 1973ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 54,052 ಮಂದಿ, 1974ರಲ್ಲಿ 45,196. ಪೆಟ್ರೋಲ್ ಸಿಗದೆ ಜನ ಕಡಿಮೆ ಓಡಾಡಿದ್ದೂ ಇದಕ್ಕೆ ಒಂದು ಕಾರಣ, ನಿಧಾನವಾಗಿ ಓಡಿಸಿದ್ದು ಇನ್ನೊಂದು.

ಎಪ್ಪತ್ತು ಮೈಲಿಯಲ್ಲಿ ಓಡಿಸಿ ಅಭ್ಯಾಸವಾದವರಿಗೆ ಇದು ಕಿರಿಕಿರಿಯಾಯಿತು. ಲಾರಿ ಚಾಲಕರು ಸಿಬಿ ರೇಡಿಯೋ ಹಿಡಿದು ಪೊಲೀಸರ ಜಾಗವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಒಹಾಯೋದ ಡೇಲ್ ಸ್ಮಿತ್ ತಂದ ‘ಫಜ್‌ಬಸ್ಟರ್’ ಎಂಬ ಪೆಟ್ಟಿಗೆ ಎಷ್ಟು ಹೆಸರಾಯಿತೆಂದರೆ, ಜೆರಾಕ್ಸ್ ಎಂದರೆ ನಕಲು ಪ್ರತಿ ಎಂಬಂತೆ, ಯಾವುದೇ ಡಿಟೆಕ್ಟರಿಗೂ ಅದೇ ಹೆಸರಾಯಿತು. ‘ಫಜ್’ ಎಂದರೆ ಅಲ್ಲಿನ ಬೀದಿಮಾತಿನಲ್ಲಿ ಪೊಲೀಸ್.

1978ರಲ್ಲಿ ಸಿನ್ಸಿನಾಟಿ ಮೈಕ್ರೋವೇವ್ ಕಂಪನಿಯ ‘ಎಸ್ಕಾರ್ಟ್’ ಬಂತು. ಜಿಮ್ ಜೇಗರ್ ಮತ್ತು ಮೈಕ್ ವ್ಯಾಲೆಂಟೈನ್ ಎಂಬ ಇಬ್ಬರು ಇದರ ಹಿಂದಿದ್ದರು. ಒಳ್ಳೆಯ ರೇಡಿಯೋಗಳಲ್ಲಿರುವ ಸೂಪರ್‌ಹೆಟರೊಡೈನ್ ವಿಧಾನವನ್ನು ಅವರು ಬಳಸಿದರು: ಪೆಟ್ಟಿಗೆಯೊಳಗೆ ತಾನೇ ಒಂದು ಸಣ್ಣ ಅಲೆ ಹುಟ್ಟಿಸಿ, ಹೊರಗಿನಿಂದ ಬಂದದ್ದರ ಜೊತೆ ಬೆರೆಸಿ, ಕ್ಷೀಣ ಸಂಕೇತವನ್ನೂ ಹಿಡಿಯುವುದು. ತಿರುವಿನಾಚೆಗಿನ, ಗುಡ್ಡದಾಚೆಗಿನ ರೇಡಾರ್ ಕೂಡ ಇದಕ್ಕೆ ಸಿಗುತ್ತಿತ್ತು. ಸರಾಗವಾದ ಹೆದ್ದಾರಿ, ಸದಾ ಚಾಲೂ ಇರುವ ಪೊಲೀಸ್ ರೇಡಾರ್, ಜನ ಒಪ್ಪದ ಮಿತಿ. ಡಿಟೆಕ್ಟರ್ ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಬಹುದಾದ ಕಾಲವೆಂದರೆ ಅದು.

ಅದಕ್ಕೊಂದು ನೈತಿಕ ಸಮರ್ಥನೆಯೂ ಆಗ ಇತ್ತು. 1979ರಲ್ಲಿ ಮಯಾಮಿಯ ಟಿವಿ ವರದಿಯೊಂದು ಪೊಲೀಸ್ ರೇಡಾರನ್ನು ತಾಳೆ ಮರದತ್ತ ಹಿಡಿಸಿತು. ಮರ ಗಂಟೆಗೆ 86 ಮೈಲಿ ವೇಗದಲ್ಲಿ ಓಡುತ್ತಿದೆಯೆಂದು ಯಂತ್ರ ಹೇಳಿತು. ಒಂದು ಮನೆ 28 ಮೈಲಿಯಲ್ಲಿ ಹೋಗುತ್ತಿತ್ತು! ಅದೇ ವರ್ಷ ಅಲ್ಲಿನ ನ್ಯಾಯಾಧೀಶರೊಬ್ಬರು ಆ ರೇಡಾರ್ ಸಾಕ್ಷ್ಯವನ್ನು ಒಪ್ಪಲಿಲ್ಲ. ಯಂತ್ರ ತಪ್ಪು ಹೇಳಬಹುದಾದರೆ ಯಂತ್ರದ ಇರವನ್ನು ತಿಳಿಯುವ ಹಕ್ಕು ನನಗಿದೆ ಎಂಬ ವಾದಕ್ಕೆ ಬಲ ಬಂತು. ಗಾಳಿಯಲ್ಲಿ ಹರಡಿರುವ ಅಲೆಯನ್ನು ಕೇಳಿಸಿಕೊಳ್ಳುವುದು ಅಪರಾಧವೇ ಎಂಬ ಪ್ರಶ್ನೆಯೂ ಇತ್ತು. ಅಮೆರಿಕದ ಬಹುತೇಕ ರಾಜ್ಯಗಳು ಖಾಸಗಿ ಕಾರುಗಳಲ್ಲಿ ಡಿಟೆಕ್ಟರನ್ನು ಇವತ್ತಿಗೂ ತಡೆಯುವುದಿಲ್ಲ. ವರ್ಜೀನಿಯಾ ರಾಜ್ಯ ಮತ್ತು ವಾಷಿಂಗ್ಟನ್ ನಗರ ನಿಷೇಧಿಸಿವೆ. ದೊಡ್ಡ ವಾಣಿಜ್ಯ ವಾಹನಗಳಿಗೆ 1994ರಿಂದ ದೇಶದಾದ್ಯಂತ ನಿಷೇಧವಿದೆ.

ಪೊಲೀಸರು ಸುಮ್ಮನಿರಲಿಲ್ಲ. ಟಾರ್ಚನ್ನು ಆರಿಸಿಟ್ಟು, ಕಾರು ಎದುರಿಗೆ ಬಂದಾಗ ಮಾತ್ರ ಒಂದು ಕ್ಷಣ ಹೊತ್ತಿಸುವ ಗನ್ ಬಂತು. ಈಗ ನಿಮಗೆ ಸುಳಿವು ಸಿಗಬೇಕಾದರೆ ನಿಮಗಿಂತ ಮುಂದಿನ ಕಾರಿನ ಮೇಲೆ ಅದು ಬಿದ್ದಿರಬೇಕು. ಹೊಸ ಆವರ್ತನಗಳು ಬಂದವು. ಸೂಪರ್‌ಹೆಟರೊಡೈನ್ ಪೆಟ್ಟಿಗೆಯೊಳಗೆ ಹುಟ್ಟುವ ಅಲೆ ಸ್ವಲ್ಪ ಹೊರಗೂ ಸೋರುತ್ತದೆಯಲ್ಲ, ಅದನ್ನೇ ಹಿಡಿದು ‘ಈ ಕಾರಿನಲ್ಲಿ ಡಿಟೆಕ್ಟರ್ ಇದೆ’ ಎಂದು ಹೇಳುವ ವಿಜಿ-2 ಎಂಬ ಯಂತ್ರವೂ ನಿಷೇಧವಿದ್ದ ಕಡೆ ಪೊಲೀಸರ ಕೈಗೆ ಬಂತು. ಕದ್ದು ಕೇಳುವವನ ಉಸಿರಾಟದ ಸದ್ದನ್ನೇ ಹಿಡಿದಂತೆ. ಇದರ ಜೊತೆಗೆ ಸುಳ್ಳು ಎಚ್ಚರಿಕೆಗಳ ಕಾಟ. ಅಂಗಡಿಗಳ ತಾನೇ ತೆರೆಯುವ ಬಾಗಿಲುಗಳು ಅದೇ ಆವರ್ತನಗಳಲ್ಲಿ ಕೆಲಸ ಮಾಡುತ್ತವೆ. ಮುಂದೆ ಪಕ್ಕದ ಕಾರನ್ನು ಗಮನಿಸುವ ಬ್ಲೈಂಡ್ ಸ್ಪಾಟ್ ಸೆನ್ಸರುಗಳೂ ಕೆ ಬ್ಯಾಂಡಿಗೇ ಬಂದವು. ದಿನವಿಡೀ ಕೂಗುವ ಪೆಟ್ಟಿಗೆಯ ಮಾತನ್ನು ಯಾರು ಕೇಳುತ್ತಾರೆ?

1995ರಲ್ಲಿ ರಾಷ್ಟ್ರವ್ಯಾಪಿ ಮಿತಿಯನ್ನು ರದ್ದು ಮಾಡಿದರು. ‘ಎಸ್ಕಾರ್ಟ್’ ಮಾಡಿದ ಕಂಪನಿ 1997ರಲ್ಲಿ ದಿವಾಳಿಯಾಯಿತು. ಮಿತಿ ಏರಿದ್ದರ ಬೆಲೆ ಏನು? 2009ರಲ್ಲಿ ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ ಅಧ್ಯಯನವೊಂದು ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 12,500 ಹೆಚ್ಚುವರಿ ಸಾವುಗಳನ್ನು ಇದರ ಲೆಕ್ಕಕ್ಕೆ ಹಾಕಿತು.

ಬೆಳಕಿನ ಕಡ್ಡಿ

ಅಂತರವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿದ್ದು 1990ರ ದಶಕದಲ್ಲಿ ಹರಡಿದ ಲೇಸರ್ ಗನ್. ಇದು ಆವರ್ತನದ ಬದಲಾವಣೆ ನೋಡುವುದಿಲ್ಲ. ಕಣ್ಣಿಗೆ ಕಾಣದ, ಸುಮಾರು 905 ನ್ಯಾನೊಮೀಟರಿನ ಬೆಳಕಿನ ಮಿಡಿತಗಳನ್ನು ಕಳಿಸಿ, ಪ್ರತಿಯೊಂದೂ ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. 300 ಮೀಟರ್ ದೂರದ ಕಾರಿಗೆ ಹೋಗಿಬರಲು ಬೆಳಕಿಗೆ ಎರಡು ಮೈಕ್ರೊಸೆಕೆಂಡು ಸಾಕು. ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆಯೆಂಬುದೇ ವೇಗ. ಅರ್ಧ ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ.

ನಿಜವಾದ ವ್ಯತ್ಯಾಸ ಕಿರಣದ ಅಗಲದಲ್ಲಿದೆ. ಹನ್ನೆರಡು ಡಿಗ್ರಿ ಹರಡುವ ರೇಡಾರ್ ಕಿರಣ 300 ಮೀಟರಿನಲ್ಲಿ ಅರವತ್ತು ಮೀಟರಿಗೂ ಹೆಚ್ಚು ಅಗಲವಾಗಿ ಇಡೀ ರಸ್ತೆಯನ್ನೇ ತುಂಬುತ್ತದೆ. ಲೇಸರ್ ಕಿರಣ ಅದೇ ದೂರದಲ್ಲಿ ಸುಮಾರು ಒಂದು ಮೀಟರ್. ಅದು ಒಂದು ಕಾರಿನ ನಂಬರ್ ಪ್ಲೇಟಿನ ಮೇಲೆ ಬೀಳುತ್ತದೆ, ಪಕ್ಕದ ಕಾರಿಗೆ ತಾಗುವುದಿಲ್ಲ. ನಿಮ್ಮ ಡಿಟೆಕ್ಟರ್ ಲೇಸರ್ ಎಂದು ಕೂಗಿದರೆ ಆಗಲೇ ನಿಮ್ಮ ವೇಗ ದಾಖಲಾಗಿದೆ ಎಂದೇ ತಿಳಿಯಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಾಗಾಗಿ ಕೇಳಿಸಿಕೊಳ್ಳುವುದು ಬಿಟ್ಟು ಕೂಗಿ ಗದ್ದಲ ಎಬ್ಬಿಸುವ ಯೋಚನೆ ಬಂತು. ಅದೇ ಜ್ಯಾಮರ್. ಬಂಪರಿನಲ್ಲಿ ಕೂರಿಸಿದ ಈ ಸಾಧನ ಲೇಸರ್ ಮಿಡಿತ ತಾಗಿದ ಕೂಡಲೇ ಅದೇ ಬಣ್ಣದ ಬೆಳಕನ್ನು ವಾಪಸು ಉಗುಳುತ್ತದೆ. ಗನ್ನಿಗೆ ತನ್ನ ಮಿಡಿತ ಯಾವುದು, ಜ್ಯಾಮರಿನದು ಯಾವುದು ಎಂದು ಗೊತ್ತಾಗದೆ ಅಂಕಿ ಬರುವುದಿಲ್ಲ. ಆ ಕೆಲವು ಸೆಕೆಂಡಿನಲ್ಲಿ ಚಾಲಕ ವೇಗ ಇಳಿಸಿ, ಜ್ಯಾಮರ್ ಆರಿಸಿ, ಏನೂ ಅರಿಯದವನಂತೆ ಸಾಗಬೇಕು. ಒಳ್ಳೆಯ ಜ್ಯಾಮರುಗಳು ಇದನ್ನು ಮಾಡಿ ತೋರಿಸಿವೆ, ಸುಳ್ಳಲ್ಲ. ಆದರೆ ಗನ್ ಮಾಡುವವರು ಮಿಡಿತಗಳ ನಡುವಿನ ಅಂತರವನ್ನು ಬದಲಿಸಿದಾಗಲೆಲ್ಲ ಜ್ಯಾಮರ್ ತನ್ನ ಸಾಫ್ಟ್‌ವೇರ್ ಬದಲಿಸಿಕೊಳ್ಳಬೇಕು. ಜೊತೆಗೆ, ಹತ್ತಾರು ಕಾರುಗಳ ನಡುವೆ ಒಂದು ಕಾರು ಮಾತ್ರ ಅಂಕಿ ಕೊಡದಿದ್ದರೆ ಪೊಲೀಸನಿಗೆ ಅನುಮಾನ ಬರಲು ಅದೇ ಸಾಕು.

ಕಾನೂನು ಇಲ್ಲಿ ಬೇರೆಯೇ ಮುಖ ತೋರಿಸುತ್ತದೆ. ಕೇಳಿಸಿಕೊಳ್ಳುವುದನ್ನು ಸಹಿಸಿದ ಅಮೆರಿಕ ಅಡ್ಡಿಪಡಿಸುವುದನ್ನು ಸಹಿಸಲಿಲ್ಲ. ರೇಡಾರ್ ಜ್ಯಾಮರ್ ಅಲ್ಲಿ ದೇಶದಾದ್ಯಂತ ನಿಷಿದ್ಧ. ‘ನಮ್ಮದು ಅಲೆಯನ್ನು ಹುಟ್ಟಿಸುವುದಿಲ್ಲ, ಬಂದ ಅಲೆಯನ್ನೇ ಸ್ವಲ್ಪ ಕಲಕಿ ತಿರುಗಿಸುತ್ತದೆ’ ಎಂದು ರಾಕಿ ಮೌಂಟನ್ ರೇಡಾರ್ ಎಂಬ ಕಂಪನಿ ವಾದಿಸಿತು. ಸಂವಹನ ಆಯೋಗ ಅದನ್ನು ಒಪ್ಪಲಿಲ್ಲ, 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಯೋಗದ ಮಾತನ್ನೇ ಎತ್ತಿಹಿಡಿಯಿತು. ಲೇಸರ್ ಬೆಳಕಾದ್ದರಿಂದ ಆ ಆಯೋಗದ ಕೈಗೆ ಸಿಗುವುದಿಲ್ಲ. ಆದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್, ಇಲಿನಾಯ್, ಮಿನ್ನೆಸೋಟದಂಥ ರಾಜ್ಯಗಳು ತಾವೇ ನಿಷೇಧಿಸಿವೆ. ಬ್ರಿಟನ್ನಿನಲ್ಲಿ ಜ್ಯಾಮರ್ ಬಳಸಿದವರ ಮೇಲೆ ನ್ಯಾಯದ ದಾರಿ ತಪ್ಪಿಸಿದ ಆರೋಪ ಹೊರಿಸುತ್ತಾರೆ. ಅದಕ್ಕೆ ಜೈಲು ಶಿಕ್ಷೆಯಿದೆ. ಸಣ್ಣ ದಂಡವೊಂದನ್ನು ತಪ್ಪಿಸಿಕೊಳ್ಳಲು ದೊಡ್ಡ ಅಪರಾಧವೊಂದನ್ನು ಮಾಡಿದಂತಾಯಿತು.

ಮತ್ತೆ ಸ್ಟಾಪ್‌ವಾಚ್

ಇಷ್ಟೆಲ್ಲ ಆದಮೇಲೆ ಪೊಲೀಸರ ಇತ್ತೀಚಿನ ಹತಾರ ಯಾವುದು? ಆಶ್ಚರ್ಯವೆಂದರೆ, ಅದೇ ಹಳೆಯ ಸ್ಟಾಪ್‌ವಾಚ್. ಎರಡು ಕಮಾನುಗಳ ಮೇಲೆ ಎರಡು ಕ್ಯಾಮೆರಾ. ಮೊದಲನೆಯದು ನಂಬರ್ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತದೆ, ಹತ್ತಾರು ಕಿಲೋಮೀಟರ್ ಆಚೆಗಿನದು ಮತ್ತೆ ಓದುತ್ತದೆ. 100ರ ಮಿತಿಯಿರುವ 50 ಕಿಲೋಮೀಟರನ್ನು ಅರ್ಧ ಗಂಟೆಗಿಂತ ಬೇಗ ದಾಟಿದ್ದರೆ ನಡುವೆ ಎಲ್ಲೋ ಮಿತಿ ಮೀರಿದ್ದೀರಿ. ಬೇಲಿಯ ಹಿಂದಿನ ಇಬ್ಬರು ಪೇದೆಗಳ ಲೆಕ್ಕವೇ ಇದು, ಫರ್ಲಾಂಗು ಮಾತ್ರ ಉದ್ದವಾಗಿದೆ. ಬ್ರಿಟನ್ನಿನಲ್ಲಿ ಈ ಪದ್ಧತಿ 1990ರ ದಶಕದ ಕೊನೆಯಲ್ಲಿ ಶುರುವಾಯಿತು.

ಇಲ್ಲಿ ಕೇಳಿಸಿಕೊಳ್ಳಲು ರೇಡಾರ್ ಅಲೆಯಿಲ್ಲ, ಕಲಕಲು ಲೇಸರ್ ಮಿಡಿತವಿಲ್ಲ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಒತ್ತಿಬಿಡುವ ಜಾಣತನವೂ ನಡೆಯುವುದಿಲ್ಲ. ಡಿಟೆಕ್ಟರ್ ಬದುಕಿದ್ದ ಆ ಅಂತರ ಪೂರ್ತಿ ಮುಚ್ಚಿಹೋಯಿತು.

ನಮ್ಮ ರಸ್ತೆಗಳೂ ಅತ್ತಲೇ ಸಾಗುತ್ತಿವೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2024ರಿಂದ ಕ್ಯಾಮೆರಾಗಳ ಜಾಲವೇ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು 100ರ ಮಿತಿ ಕಾಯುತ್ತಿವೆ. ಹೆದ್ದಾರಿ ಬದಿಯಲ್ಲಿ ನಿಲ್ಲುವ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಸಾಮಾನ್ಯವಾಗಿ ಇರುವುದು ಲೇಸರ್ ಗನ್. ಅಮೆರಿಕದ ರೇಡಾರ್ ಡಿಟೆಕ್ಟರ್ ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಅದು ಪಕ್ಕದ ಕಾರಿನ ಸೆನ್ಸರಿಗೆ ಕೂಗಿಕೊಳ್ಳುತ್ತ ಕೂರುತ್ತದೆ, ಅಷ್ಟೆ.

ಎಚ್ಚರಿಕೆ ಯಾರಿಗೆ?

ಹಾಗಾದರೆ ಆ ಸೈಕಲ್ ಸವಾರನ ಪರಂಪರೆ ಮುಗಿಯಿತೇ? ನನಗೆ ಹಾಗನ್ನಿಸುವುದಿಲ್ಲ. ಅದು ಎರಡಾಗಿ ಕವಲೊಡೆಯಿತು. ಒಂದು ಕವಲು, ಎಚ್ಚರಿಕೆಯನ್ನು ದುಡ್ಡು ಕೊಟ್ಟವನಿಗೆ ಮಾತ್ರ ಮಾರುವುದು. ಫಜ್‌ಬಸ್ಟರಿನಿಂದ ಜ್ಯಾಮರಿನವರೆಗೆ ಬಂದದ್ದು ಆ ದಾರಿ. ಇನ್ನೊಂದು, ಎಚ್ಚರಿಕೆಯನ್ನು ಎಲ್ಲರಿಗೂ ಕೊಡುವುದು. ಫ್ರಾನ್ಸ್ 2012ರಲ್ಲಿ ರೇಡಾರ್ ಸೂಚಿಸುವ ಸಾಧನಗಳನ್ನು ನಿಷೇಧಿಸಿತು, ಆದರೆ ಕ್ಯಾಮೆರಾದ ನಿಖರ ಜಾಗ ಬಿಟ್ಟು ‘ಅಪಾಯದ ವಲಯ’ ತೋರಿಸಲು ಒಪ್ಪಿಗೆ ಉಳಿಯಿತು. ಮೋಟಾರ್‌ವೇಯಲ್ಲಿ ಆ ವಲಯ ನಾಲ್ಕು ಕಿಲೋಮೀಟರ್ ಉದ್ದ. ನಾಲ್ಕು ಕಿಲೋಮೀಟರಿನಲ್ಲಿ ಕ್ಯಾಮೆರಾ ಎಲ್ಲಿದೆಯೋ ಗೊತ್ತಿಲ್ಲದವನು ನಾಲ್ಕೂ ಕಿಲೋಮೀಟರ್ ನಿಧಾನವಾಗಿ ಹೋಗುತ್ತಾನೆ. ನಮ್ಮಲ್ಲೂ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮ, ಕ್ಯಾಮೆರಾ ಕಾವಲಿರುವ ರಸ್ತೆಯಲ್ಲಿ ಮೊದಲೇ ಎದ್ದುಕಾಣುವ ಫಲಕ ಹಾಕಬೇಕೆಂದು ಹೇಳುತ್ತದೆ. ಯಾವ ರಸ್ತೆಯಲ್ಲಾದರೂ ಫಲಕವಿಲ್ಲದೆ ದಂಡ ಬಂದರೆ ಕೇಳಲು ನಮಗೆ ಆಧಾರವಿದೆ. ಮಯಾಮಿಯ ತಾಳೆ ಮರದ ಪಾಠವೂ ಅದೇ: ಯಂತ್ರದ ಮೇಲೆ ಅನುಮಾನವಿದ್ದರೆ ಅದನ್ನು ತೀರಿಸಿಕೊಳ್ಳುವ ಜಾಗ ಕೋರ್ಟು, ಬಂಪರಲ್ಲ.

ವೇಗದ ಬಲೆಗಳು ಯಾವಾಗಲೂ ನ್ಯಾಯವಾಗಿದ್ದವೆಂದು ಹೇಳುತ್ತಿಲ್ಲ. ಇಂಗ್ಲೆಂಡ್ ತಾನೇ 1930ರಲ್ಲಿ ಆ 20 ಮೈಲಿಯ ಮಿತಿಯನ್ನು ಕೈಬಿಟ್ಟಿತು. ಆದರೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಗಂಟೆಗೆ 80ರಿಂದ 100ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆ ಶಕ್ತಿಯನ್ನು ಜ್ಯಾಮ್ ಮಾಡುವ ಪೆಟ್ಟಿಗೆ ಯಾರೂ ಮಾಡಿಲ್ಲ.

ಲೆಕ್ಕ ನೋಡೋಣ. ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 430 ಕಿಲೋಮೀಟರ್. ಸರಾಸರಿ 80ರ ಬದಲು 90ರಲ್ಲಿ ಹೋದರೆ ಉಳಿಯುವುದು ಮೂವತ್ತಾರು ನಿಮಿಷ. ಬೆಳಿಗ್ಗೆ ಐದಕ್ಕೆ ಹೊರಡುವವರು ನಾಲ್ಕೂವರೆಗೆ ಎದ್ದು ಹೊರಟರೆ ಅದು ಬಹುಪಾಲು ಬಿಟ್ಟಿ ಸಿಗುತ್ತದೆ, ಸಾತಾರದ ಟ್ರಾಫಿಕ್ಕೂ ಕಡಿಮೆ. ಜ್ಯಾಮರಿಗೆ ಇಟ್ಟ ಹಣದಲ್ಲಿ ನಾಲ್ಕು ಹೊಸ ಟೈರು ಹಾಕಿಸಿ.